ಬಲವಂತವಿಲ್ಲದ ಸಹಿ

ಆಂಧ್ರದ ಗಡಿಯೂರು ರಾಯದುರ್ಗದ ಒಂದು ಜೀನ್ಸ್ ಗಾರ್ಮೆಂಟಿನಲ್ಲಿ ಉಷಾರಾಣಿ ಹನ್ನೊಂದು ವರ್ಷದಿಂದ ಹೊಲಿಯುತ್ತಿದ್ದಳು. ಹೊಸ ಹುಡುಗಿಯರು ಅವಳ ಮಾತು ಮೀರುವುದಿಲ್ಲವೆಂಬುದು ಸೂಪರ್‌ವೈಸರ್ ಗೋವರ್ಧನ್‌ಗೆ ಗೊತ್ತಿತ್ತು. ಅದಕ್ಕೇ ಒಂದು ತೆಲುಗು ಕಾಗದವನ್ನು ಅವಳ ಕೈಗೆ ಕೊಟ್ಟ. ‘ಯಾವ ಬಲವಂತವೂ ಇಲ್ಲದೆ ಭಾನುವಾರವೂ ಕೆಲಸಕ್ಕೆ ಬರಲು ಒಪ್ಪಿದ್ದೇವೆ’ ಎಂದು ಅದರಲ್ಲಿತ್ತು. ಉಷಾರಾಣಿಯೂ ಸೇರಿ ಎಲ್ಲರೂ ಸಹಿ ಹಾಕಿದ್ದರು. ಉಳಿದವಳು ರೊಳ್ಳ ಎಂಬ ಊರಿನಿಂದ ಬಂದ ರಮ್ಯಶ್ರೀ ಒಬ್ಬಳೇ.

“ಗದರಬ್ಯಾಡ್ರಿ, ನಯವಾಗಿ ಹೇಳಿ ಸಹಿ ಹಾಕಿಸ್ರಿ,” ಎಂದ ಗೋವರ್ಧನ್.

ಮೂರು ದಿನ ಉಷಾರಾಣಿ ನಯವಾಗಿಯೇ ಹೇಳಿದಳು. ಊಟಕ್ಕೆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಡಬ್ಬಿಯ ಪಲ್ಯ ಬಡಿಸಿದಳು. “ಎಲ್ಲಾರೂ ಹಾಕ್ಯಾರ. ನೀ ಒಬ್ಬಾಕಿ ಉಳಿದ್ರ ಚಂದ ಕಾಣ್ತದೇನವ್ವ? ನಿನ್ನ ಇಲ್ಲಿ ಸೇರಿಸ್ದಾಕಿ ನಾನು.”

“ಮನೇಲಿ ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತಕ್ಕ. ಅಮ್ಮ ಒಬ್ಳೇ ಅವ್ಳೆ,” ಎಂದಳು ರಮ್ಯಶ್ರೀ. ಮೂರನೆಯ ದಿನ ಕಾಗದದ ಮೇಲೆ ಬೆರಳಿಟ್ಟು ಕೇಳಿದಳು: “ಬಲವಂತ ಇಲ್ದಂಗೆ ಅಂತ ಬರ್ದವ್ರಲ್ಲ, ಬಲವಂತ ಅಂದ್ರೆ ಏನಕ್ಕ?”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಆದರೂ ಉಷಾರಾಣಿ ಕಾಗದ ಮಡಚಿ ಡಬ್ಬಿ ಮುಚ್ಚಿದಳು.

ಸಂಜೆ ಮನೆಗೆ ಬಂದವಳೇ ಮಾವ ಚನ್ನಬಸವಯ್ಯನವರನ್ನು ಅದನ್ನೇ ಕೇಳಿದಳು. ಅವರು ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ಮೇಷ್ಟ್ರು.

“ಬಲ ಇದ್ದಾತ ಬಲವಂತ. ಮೊದಲು ಅದು ಗಟ್ಟಿ ಆಳಿನ ಹೆಸರು. ಆಮ್ಯಾಲ ಆತ ಮಾಡೋ ಕೆಲಸಕ್ಕೂ ಅದೇ ಹೆಸರು ಬಂತು ನೋಡವ್ವ.”

“ಹೊಡೀದಿದ್ರೂ, ಬಯ್ಯದಿದ್ರೂ ಬಲವಂತನಾ ಮಾವಾರ?”

“ಕೈ ಯಾಕ ಎತ್ತಬೇಕು? ಎದುರಿಗಿದ್ದವ್ರಿಗೆ ಒಲ್ಲೆ ಅನ್ನಾಕ ದಾರಿ ಇಲ್ದಂಗ ಮಾಡಿದ್ರ ಸಾಕು.”

ಬಲ ಅನ್ನುವುದು ತನ್ನಲ್ಲೂ ಇದೆಯೆಂದು ಉಷಾರಾಣಿ ಎಂದೂ ಎಣಿಸಿದವಳಲ್ಲ. ಹುಡುಗಿಯ ತಟ್ಟೆಗೆ ಬಡಿಸಿದ ಪಲ್ಯ ನೆನೆದು ಅವಳಿಗೆ ನಾಚಿಕೆಯಾಯಿತು.

ಮರುದಿನ ಕಾಗದವನ್ನು ಗೋವರ್ಧನ್‌ಗೆ ವಾಪಸು ಕೊಟ್ಟಳು. “ಆಕಿ ಸಹಿ ಹಾಕಾಂಗಿಲ್ರಿ. ನಾನೂ ಇನ್ನ ಕೇಳಾಂಗಿಲ್ಲ.”

“ನಿಮ್ಮ ಸಹಿ ಐತಲ್ರಿ?”

“ಐತಿ. ನಾ ಬರ್ತೀನಿ.”

ಶನಿವಾರ ರಮ್ಯಶ್ರೀ ಊರಿನ ಬಸ್ಸು ಹತ್ತಿದಳು. ಭಾನುವಾರವಿಡೀ ಉಷಾರಾಣಿ ದುಡಿದಳು. ಗೋವರ್ಧನ್ ಅವಳತ್ತ ತಿರುಗಿಯೂ ನೋಡಲಿಲ್ಲ. ಸೋಮವಾರ ರಮ್ಯಶ್ರೀ ಬಂದ ಮೇಲೆ ಇಬ್ಬರನ್ನೂ ಮಿಷಿನ್ನಿನಿಂದ ಎಬ್ಬಿಸಿ ಹೊಲಿದ ಪ್ಯಾಂಟುಗಳ ಜೋಲುವ ದಾರ ಕತ್ತರಿಸಲು ನೆಲಕ್ಕೆ ಕೂರಿಸಿದ. ಮಧ್ಯಾಹ್ನದ ಹೊತ್ತಿಗೆ ಉಷಾರಾಣಿಯ ಸೊಂಟ ಹಿಡಿದುಕೊಂಡಿತು. ಆದರೆ ಹುಡುಗಿಯ ಮುಖ ನೋಡಿ ಮಾತಾಡಲು ಈಗ ಅವಳಿಗೆ ಅಳುಕಿರಲಿಲ್ಲ.