ಕರೆವ್ವ ಅಂಟಿಸಿದ ಚೀಟಿಗಳು

“ಗಟ್ಟಿ ಹಿಡೀರಿ ಸರ್, ಗಂಟು ಜಾರಾಕತ್ತೈತಿ,” ಎಂದ ದುರ್ಗೇಶ. ತಾಯಿಯ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ. ಕಾಲೇಜಿನ ಗುಮಾಸ್ತ ಪ್ರಾಣೇಶ ಎರಡೂ ಕೈಯಿಂದ ಹಗ್ಗ ಎಳೆದು ಹಿಡಿದ.

ಕರ್ಜಗಿಯ ಆ ಮನೆಯ ಕಟ್ಟೆಯ ಮೇಲೆ ತೀರಿಕೊಂಡ ಕರೆವ್ವನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಪಕ್ಕದಲ್ಲಿ ಬಿಸ್ಮಿಲ್ಲಾಬಿ. ಹಾವೇರಿಯ ಕಾಲೇಜಿನಲ್ಲಿ ಇಬ್ಬರೂ ಇಪ್ಪತ್ತು ವರ್ಷ ಜೊತೆಯಾಗಿ ಕಸ ಗುಡಿಸಿದವರು.

“ಕರೆವ್ವಾ, ಕಣ್ಣು ತಗದು ನೋಡಬೇ. ಪೆನ್ನು ಬಿಟ್ಟು ಏನೂ ಎತ್ತದ ಸಾಹೇಬ್ರು ನಿನ್ನ ಸಲುವಾಗಿ ಹಗ್ಗ ಹಿಡದಾರ!” ಎಂದಳು ಬಿಸ್ಮಿಲ್ಲಾಬಿ.

ಅಳುತ್ತಿದ್ದವರೂ ನಕ್ಕರು. ದುರ್ಗೇಶ ನಗಲಿಲ್ಲ.

“ಅವ್ವಗ ಕಡೀತನಾ ಒಂದ ಚಿಂತಿರಿ. ‘ಚೀಟಿ ಒಂದು ತಪ್ಪಿ ಅಂಟಿಸಿದ್ನಪಾ, ಅದು ಯಾವ ಬಾಟ್ಲಿದಂತ ತಿಳೀಲೇ ಇಲ್ಲ’ ಅಂತಿದ್ಲು. ನಿನ್ನೆ ದವಾಖಾನ್ಯಾಗೂ ಅದನ್ನ ಅಂದ್ಲು.”

ಪ್ರಾಣೇಶನ ಕೈಯಲ್ಲಿ ಹಗ್ಗ ಸಡಿಲವಾಯಿತು.

*

ಮೂರು ವರ್ಷದ ಹಿಂದೆ ಕಾಲೇಜಿನ ಪ್ರಯೋಗಾಲಯ ಸೋರಿ, ಗಿಡ-ಪ್ರಾಣಿಗಳ ಮಾದರಿ ಇಟ್ಟ ನಲವತ್ತಾರು ಬಾಟಲಿಗಳ ಹೆಸರಿನ ಚೀಟಿಗಳು ಕಳಚಿ ಬಿದ್ದಿದ್ದವು. ಪಟ್ಟಿಯೂ ತೊಯ್ದು ಹಾಳಾಗಿತ್ತು. ಮರುದಿನ ತಪಾಸಣೆ. ಪಾಠ ಹೇಳುವ ಮೇಡಂ ರಜೆಯಲ್ಲಿದ್ದರು. ಕರೆವ್ವನಿಗೆ ಓದು ಬರದು. ಆದರೆ ಅವಳು ದಿನವೂ ಒರೆಸುತ್ತಿದ್ದ ಬಾಟಲಿಗಳವು. ಅಕ್ಷರಗಳ ಆಕಾರ ನೆನಪಿಸಿಕೊಂಡು ಎಲ್ಲವನ್ನೂ ಒಣಗಿಸಿ ಮರಳಿ ಅಂಟಿಸಿದಳು.

ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ್ದ ಪ್ರಾಣೇಶ ಒಂದೊಂದೇ ಓದಿದ. ಬೀನ್ಸ್ ಕಾಯಿಯ ಮೇಲೆ ‘ಫ್ಯಾಸಿಯೋಲಸ್ ವಲ್ಗ್ಯಾರಿಸ್’. ಬೊಂಡಾಸ್ ಎಂಬ ಸಮುದ್ರಜೀವಿಯ ಮೇಲೆ ‘ಲೊಲೈಗೊ ವಲ್ಗ್ಯಾರಿಸ್’.

“ಕಾಯಿಪಲ್ಲೆಗೂ ಸಮುದ್ರದ ಪ್ರಾಣಿಗೂ ಒಂದ ಹೆಸರು ಹೆಂಗಿರ್ತದ, ಕರೆವ್ವ? ಯಾವುದೋ ಒಂದು ತಪ್ಪ್ಯದ.”

“ಇಲ್ಲರಿ ಸಾಹೇಬ್ರ. ಎರಡೂ ಚೀಟಿಗೆ ಬಾಲ ಒಂದ ಥರಾ ಇತ್ತರಿ.”

ಎಲ್ಲರೆದುರು ಅವನು ಬೊಂಡಾಸಿನ ಚೀಟಿ ಕಿತ್ತುಹಾಕಿದ.

ಕರೆವ್ವ ನಿವೃತ್ತಳಾಗಿ ಊರಿಗೆ ಹೋದ ಮೇಲೆ, ಚೀಟಿಯಿಲ್ಲದ ಬಾಟಲಿ ನೋಡಿ ಮೇಡಂ ನಕ್ಕು ಹೇಳಿದರು: ವಲ್ಗ್ಯಾರಿಸ್ ಎಂದರೆ ಎಲ್ಲೆಡೆ ಸಿಗುವಂಥದ್ದು, ಗಿಡಕ್ಕೂ ಇರಬಹುದು, ಸಮುದ್ರಜೀವಿಗೂ ಇರಬಹುದು, ಬೀಟ್‌ರೂಟಿಗೂ ಅದೇ ಹೆಸರು. ಪ್ರಾಣೇಶ ಹೊಸ ಚೀಟಿ ಬರೆದು ಅಂಟಿಸಿದ. ಕರ್ಜಗಿಗೆ ಹೋಗಿ ಹೇಳಬೇಕೆಂದುಕೊಂಡ. ಎರಡು ವರ್ಷ ಅಂದುಕೊಂಡೇ ಇದ್ದ.

*

“ದುರ್ಗೇಶಾ, ನಿಮ್ಮವ್ವಂದು ತಪ್ಪಿರಲಿಲ್ಲ. ನಂದ ತಪ್ಪು. ನನಗ ಗೊತ್ತಿತ್ತು,” ಎಂದು ಪ್ರಾಣೇಶ ನಡೆದದ್ದನ್ನೆಲ್ಲ ಹೇಳಿದ.

ದುರ್ಗೇಶ ಕುಡುಗೋಲು ಕೆಳಗಿಟ್ಟ. “ಓದಾಕ ಬರದಾಕಿ, ನಲವತ್ತಾರೂ ಸರಿ ಅಂಟಿಸಿದ್ಲಾ?”

“ನಲವತ್ತಾರೂ.”

“ಮತ್ತ ನನಗ್ಯಾಕ ಹೇಳ್ತೀರಿ? ಆಕಿಗೆ ಹೇಳ್ರಿ. ಎಡಗಿವಿ ಕೇಳ್ತಿದ್ದಿಲ್ಲ, ಬಲಗಿವಿಗೆ ಹೇಳ್ರಿ.”

ಅವನು ಕೈ ಎತ್ತಿದ. ಅಂಗಳದಲ್ಲಿ ಹಲಗೆ ಬಾರಿಸುತ್ತಿದ್ದವರು ನಿಲ್ಲಿಸಿದರು. ಪ್ರಾಣೇಶ ಕಟ್ಟೆಯ ಮುಂದೆ ಮೊಣಕಾಲೂರಿದ. ಬಿಸ್ಮಿಲ್ಲಾಬಿ ಕರೆವ್ವನ ಬಲಗಿವಿಯ ಮೇಲೆ ಬಿದ್ದಿದ್ದ ಚೆಂಡುಹೂವಿನ ಮಾಲೆಯನ್ನು ಮೆಲ್ಲಗೆ ಸರಿಸಿದಳು.