ಕೌದಿಗೆ ಹಾಕದ ಸೀರೆ

“ಹರಕ ಸೀರಿ ಉಟಗೊಂಡ ಬರ್ರಿ ಅಂತ ಬಾಯಿ ಬಡಕೊಂಡಿದ್ನಿ. ನೀವು ನೋಡಿದ್ರ ಲಗ್ನಕ್ಕ ಹೊಂಟವರಂಗ ಬಂದೀರಿ. ಫೋಟೋದಾಗ ನಿಮ್ಮನ್ನ ಬಡವ್ರು ಅಂತ ಯಾವ ಸೂಳಿಮಗ ನಂಬತಾನ?”

ಹಾನಗಲ್ಲಿನ ಕಲ್ಯಾಣ ಮಂಟಪದ ಹಿಂಬಾಗಿಲಲ್ಲಿ ನಮ್ಮನ್ನು ಬೈಯುತ್ತಿದ್ದವನು ಶಿವಾನಂದ, ಕೌದಿ ಮಾರುವ ಮಹಾಂತೇಶ ಸರ್ ಕಂಪನಿಯ ಮ್ಯಾನೇಜರ. ತಡಸದ ನಮ್ಮ ಕೇರಿಯಿಂದ ಹಳೆಯ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುವ ನಾಲ್ಕು ಮಂದಿ ಹೆಂಗಸರು ಬಂದಿದ್ದೆವು. ಸನ್ಮಾನ ಅಂತ ಕರೆಸಿದ್ದರು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದೆವು.

“ಹಂಗಾರ ಇದನ್ನೂ ಬಿಚ್ಚಿ ನಿಂದ್ರೂನೇನಪಾ?” ಎಂದಳು ತಿಪ್ಪವ್ವ. “ಆಗ ನಂಬತಾರೇನು?”

ನಾವು ಸೆರಗು ಬಾಯಿಗಿಟ್ಟು ನಕ್ಕೆವು. ಶಿವಾನಂದ ಪಕ್ಕಕ್ಕೆ ಉಗುಳಿದ. “ಕೇರಿ ಮಂದಿಗೆ ಸೊಕ್ಕಿಗೇನ ಕಮ್ಮಿಲ್ಲ.”

ಮಹಾಂತೇಶ ಸರ್ ಹೀಗೆ ಮಾತಾಡುವವರಲ್ಲ. ಮೊದಲ ಸಲ ಕೇರಿಗೆ ಬಂದಾಗ ಚಪ್ಪಲಿ ಹೊರಗೆ ಬಿಟ್ಟು ನಮ್ಮ ಕೌದಿಯ ಮೇಲೆ ಕುಳಿತರು. ನಮ್ಮ ಕಪ್ಪಿನಲ್ಲಿ ಚಹಾ ಕುಡಿದರು. ನಮ್ಮೂರ ಗೌಡ ಶಿದ್ಲಿಂಗಪ್ಪ ಈ ಜನ್ಮದಲ್ಲಿ ಮಾಡದ ಕೆಲಸ ಅದು. ಅಷ್ಟಕ್ಕೇ ನಾವು ಕರಗಿಹೋದೆವು. ಅವರನ್ನು ಕರೆತಂದವಳು ನೀಲಾ, ತಿಪ್ಪವ್ವನ ತಂಗಿಯ ಮಗಳು. ಶಿಗ್ಗಾವಿಯಲ್ಲಿ ಕಾಲೇಜು ಕಲಿತು ಅವರ ಕಂಪನಿಯಲ್ಲಿ ನೌಕರಿ ಹಿಡಿದಿದ್ದಳು. ಅಲ್ಲಿಂದ ಕಂಪನಿ ನಮಗೆ ಹೊಲಿಗೆಯ ಕೆಲಸ ಕೊಡತೊಡಗಿತು.

ಕೌದಿ ಹೊಲಿಯುವಾಗ ನಮ್ಮಲ್ಲೊಂದು ರೂಢಿಯಿದೆ. ಒಂದೊಂದು ತುಂಡನ್ನೂ ಯಾರದೆಂದು ಬಾಯಿಬಿಟ್ಟು ಹೇಳಿಯೇ ಕೂಡಿಸಬೇಕು. ಇದು ಅತ್ತೆಯ ಇಳಕಲ್ ಸೀರೆ, ಇದು ಗಂಡನ ಧೋತರ. ಹಾಕದೆ ತೆಗೆದಿಟ್ಟದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಅದು ಹೊರಗೆ ಉಳಿದು ಅಳುತ್ತದೆ ಅನ್ನುತ್ತಾರೆ ಹಿರಿಯರು. ನಾವು ಹೇಳುತ್ತಿದ್ದೆವು, ಸರ್ ಗದ್ದಕ್ಕೆ ಕೈಯಿಟ್ಟು ಕೇಳುತ್ತಿದ್ದರು, ನೀಲಾ ಫೋನ್ ಹಿಡಿದಿರುತ್ತಿದ್ದಳು. ಕಟ್ಟಿಕೊಂಡ ಗಂಡಂದಿರೂ ನಮ್ಮ ಮಾತನ್ನು ಹಾಗೆ ಕೂತು ಕೇಳಿದವರಲ್ಲ.

ಹಾಗೆ ಕೂತ ಒಂದು ದಿನ ತಿಪ್ಪವ್ವ ಗಂಟಿನ ತಳದಿಂದ ಒಂದು ಸೀರೆ ತೆಗೆದಳು.

“ಇದು ನನ್ನ ಜಯಾಂದ್ರಿ ಸರ. ಹಸರ ಸೀರಿ. ಅಂಚು ಸುಟ್ಟು ಕರ್ರಗ ಸುರಳಿ ಸುತ್ತೇತಿ. ಇದನ್ನ ಹಾಕೂದಿಲ್ಲ. ಇದರ ಮ್ಯಾಲೆ ಯಾರೂ ಮಲಗಬಾರ್ದು, ಕುಂಡ್ರಬಾರ್ದು.”

ಜಯಾ ಅವಳ ಒಬ್ಬಳೇ ಮಗಳು. ಗಂಡನ ಮನೆಯಲ್ಲಿ ಸುಟ್ಟು ಸತ್ತಳು. ಠಾಣೆಯಲ್ಲಿ ಕೂತು, ಸ್ಟೋವ್ ಸಿಡಿಯಿತು ಅಂತ ಬರೆಸಿದವನು ಶಿದ್ಲಿಂಗಪ್ಪ ಗೌಡ. ಅದನ್ನೂ ತಿಪ್ಪವ್ವ ಹೇಳಿದಳು. ಸರ್ ಕಣ್ಣು ಒದ್ದೆಯಾದದ್ದನ್ನು ನಾವೆಲ್ಲ ನೋಡಿದೆವು.

ಆಮೇಲೆ ಕಂಪನಿಯಿಂದ ಹೊಲಿಗೆಯ ಕೆಲಸ ಬರುವುದು ನಿಂತಿತು. ನೀಲಾಳನ್ನು ಕೇಳಿದೆ.

“ಈಗ ಎಐ ಮಾಡ್ತೈತಿ ಆಯಿ. ನೀವು ಹೇಳಿದ್ದನ್ನ ಬರದು ಹಾಕಿದ್ರ ತಾನ ಚಿತ್ರ ತಗೀತೈತಿ. ಆ ಚಿತ್ರಾನ ಮಶೀನು ಅರಿವಿ ಮ್ಯಾಲೆ ಒತ್ತತೈತಿ.”

“ಸೂಜಿ?”

“ಸೂಜಿ ಬ್ಯಾಡ.”

ಅಷ್ಟು ದಿನ ನಮ್ಮ ಕೌದಿಗಾಗಿ ಬರುತ್ತಿದ್ದಾರೆ ಅಂದುಕೊಂಡಿದ್ದೆವು. ಅವರಿಗೆ ಬೇಕಾದದ್ದು ನಮ್ಮ ಬಾಯಿ.

ಮಂಟಪದೊಳಗೆ ವೇದಿಕೆಯ ಮುಂದಿನ ಸಾಲಿಗೆ ದೊಡ್ಡ ಕುರ್ಚಿ ಹಾಕಿದ್ದರು. ಒಂದೊಂದರ ಮೇಲೂ ಒಂದು ಹೊಸ ದಿಂಬು. ಹಸಿರು ಬಟ್ಟೆ, ಅದರ ಅಂಚು ಕರ್ರಗೆ ಸುಟ್ಟು ಸುರುಳಿ ಸುತ್ತಿದಂತೆ ಚಿತ್ರ. ತಿಪ್ಪವ್ವ ಒಂದನ್ನು ಎತ್ತಿ ಅಂಚಿನ ಮೇಲೆ ಬೆರಳಾಡಿಸಿದಳು. ನುಣ್ಣಗಿತ್ತು. ಮೂಗಿಗೆ ಹಿಡಿದಳು. ಆಮೇಲೆ ನೀಲಾಳ ಮುಂದೆ ಹೋಗಿ ನಿಂತಳು.

“ಇದು ಜಯಾಂದು.”

“ಅಲ್ಲ ದೊಡ್ಡವ್ವ. ಮಶೀನು ಮಾಡಿದ್ದು.”

“ಮಶೀನಿಗೆ ಯಾರ ಹೇಳಿದ್ರು?”

ನೀಲಾ ಫೋನಿನಿಂದ ಕಣ್ಣೆತ್ತಲಿಲ್ಲ. “ನೀ ಹೇಳಿದ್ದ ನಾ ಬರದೆ. ಅದಕ್ಕ ಪ್ರಾಂಪ್ಟ್ ಅಂತಾರ. ಜಯಕ್ಕನ ಹೆಸರ ಹಾಕಿಲ್ಲ. ಹಸರ ಸೀರಿ, ಸುಟ್ಟ ಅಂಚು, ಅಷ್ಟ.”

“ಹಾಕೂದಿಲ್ಲ ಅಂದಿದ್ನಲ್ಲ. ಅದನ್ನ ಬರೀಲಿಲ್ಲೇನು?”

“ಅದನ್ನ ಬರದ್ರ ಚಿತ್ರ ಹೆಂಗ ಬರ್ತೈತಿ ದೊಡ್ಡವ್ವ?”

“ಒಂದ ಕೌದ್ಯಾಗ ಮಲಗಿ ಬೆಳದವರಲ್ಲೇನ ನೀವಿಬ್ರೂ?”

“ಗದ್ಲ ಮಾಡಬ್ಯಾಡ. ನನ್ನ ನೌಕರಿ ಹೋಗ್ತೈತಿ.”

ಅಷ್ಟರಲ್ಲಿ ಅತಿಥಿಗಳು ಬಂದರು. ನಮ್ಮನ್ನು ಗೋಡೆಗೆ ಸರಿಸಿದರು. ಅತಿಥಿಯಾಗಿ ಬಂದಿದ್ದ ಶಿದ್ಲಿಂಗಪ್ಪ ಗೌಡ ನಡುವಿನ ಕುರ್ಚಿಗೆ ಹೋಗಿ, ಎರಡು ಸಲ ಅಲುಗಾಡಿ, ದಿಂಬನ್ನು ತಿಕದ ಕೆಳಗೆ ಸರಿಮಾಡಿಕೊಂಡ. ಸಾಲಿನ ತುದಿಯ ಕುರ್ಚಿಯಲ್ಲಿ ನೀಲಾ ಕುಳಿತಳು.

ಮಹಾಂತೇಶ ಸರ್ ಮೈಕಿನಲ್ಲಿ ಹೇಳಿದರು: “ನಮ್ಮ ಹೊಸ ಮಾಲಿಕೆಯ ಹೆಸರು ಸುಟ್ಟ ಅಂಚು. ಒಬ್ಬ ತಾಯಿಯ ಮಾತು, ನಮ್ಮ ನೀಲಾ ಬರೆದ ಪ್ರಾಂಪ್ಟ್, ಎಐ ಬಿಡಿಸಿದ ವಿನ್ಯಾಸ. ಆ ತಾಯಿ ಈಗ ವೇದಿಕೆಗೆ ಬರಬೇಕು.”

ಚಪ್ಪಾಳೆ ಬಿತ್ತು. ತಿಪ್ಪವ್ವ ವೇದಿಕೆಯ ಮೆಟ್ಟಿಲು ಹತ್ತಲಿಲ್ಲ. ಗೌಡನ ಮುಂದೆ ನಿಂತಳು.

“ಏಳ್ರಿ ಗೌಡ್ರ.”

“ಏನಲೇ ಇದು? ಈ ರಂಡಿಗೆ ತಲಿ ಕೆಟ್ಟೈತೇನು?”

“ನನ್ನ ಮಗಳ ಮ್ಯಾಲೆ ಕುಂತೀರಿ. ಏಳ್ರಿ.”

ಸಭೆಯ ಫೋನುಗಳೆಲ್ಲ ತನ್ನತ್ತ ತಿರುಗಿದ್ದು ನೋಡಿ ಗೌಡ ಎದ್ದ. ತಿಪ್ಪವ್ವ ದಿಂಬನ್ನು ತೆಗೆದು ಎದೆಗವಚಿಕೊಂಡಳು. ಮಹಾಂತೇಶ ಸರ್ ವೇದಿಕೆಯಿಂದ ಓಡಿಬಂದು ಅವಳ ಬಾಯಿಗೆ ಮೈಕು ಹಿಡಿದರು. ಅವರ ಕಣ್ಣು ಅವತ್ತಿನ ಹಾಗೆಯೇ ಒದ್ದೆಯಾಗಿತ್ತು.

“ಹೇಳ್ರಿ ಅವ್ವಾರ, ಇದನ್ನ ಹೇಳ್ರಿ. ಭಾಳ ಛಲೋ ಬರಾಕತ್ತೈತಿ. ನೀಲಾ, ರೆಕಾರ್ಡ್ ಮಾಡು.”

ನೀಲಾ ಕುಳಿತಲ್ಲಿಂದಲೇ ಫೋನ್ ಎತ್ತಿದಳು.

ತಿಪ್ಪವ್ವ ಮೈಕನ್ನು ನೋಡಿದಳು, ಫೋನನ್ನು ನೋಡಿದಳು, ಬಾಯಿ ಮುಚ್ಚಿದಳು. ಸರ್ ಮೈಕನ್ನು ನನ್ನ ಮುಂದೆ ತಂದರು. ನಾನೂ ಬಾಯಿ ಬಿಡಲಿಲ್ಲ. ಉಳಿದಿಬ್ಬರೂ ಬಿಡಲಿಲ್ಲ.

ನಾವು ಒಂದೊಂದೇ ಕುರ್ಚಿಯ ಮುಂದೆ ಹೋಗಿ ನಿಂತೆವು. ಒಬ್ಬೊಬ್ಬರೇ ಎದ್ದರು. ದಿಂಬು ತೆಗೆದುಕೊಂಡು ಮುಂದೆ ಸರಿದೆವು. ಶಿವಾನಂದ ನನ್ನ ರಟ್ಟೆ ಹಿಡಿದು ಎಳೆದಾಡಿದ. ನನ್ನ ಒಳ್ಳೆಯ ಸೀರೆ ಭುಜದ ಹತ್ತಿರ ಹರಿಯಿತು. ದಿಂಬು ಬಿಡಲಿಲ್ಲ.

ಕಡೆಗೆ ತುದಿಯ ಕುರ್ಚಿಯೊಂದು ಉಳಿಯಿತು. ತಿಪ್ಪವ್ವ ಅದರ ಮುಂದೆ ನಿಂತು ಕೈ ಚಾಚಿದಳು. ನೀಲಾಳ ಫೋನ್ ಇನ್ನೂ ತಿಪ್ಪವ್ವನ ಬಾಯಿಯತ್ತಲೇ ಇತ್ತು. ಇನ್ನೊಂದು ಕೈ ತಾನು ಕುಳಿತ ದಿಂಬಿನ ಅಂಚನ್ನು ಹಿಡಿದಿತ್ತು. ನೀಲಾ ಎದ್ದಿರಲಿಲ್ಲ.