ಹೊಂಡದ ಫೋಟೋ

"ಓಟಿಪಿ ಹೇಳಿಬಿಟ್ರಾ? ಮುಗೀತು ಬಿಡಿ ದುಂಡಪ್ಪ," ಎಂದರು ಬದರಿನಾಥರು, ಅವನ ಫೋನನ್ನು ಕಣ್ಣಿನ ಹತ್ತಿರ ಹಿಡಿದು. "ಇವತ್ತು ಹೊಂಡ, ನಾಳೆ ಹೊಲ."

ಬಿಟಿಎಂ ಲೇಔಟಿನ ಆ ಮನೆಯ ಮಹಡಿಯಲ್ಲಿ ದುಂಡಪ್ಪ ಬಾಡಿಗೆಗಿದ್ದ. ಕೆಳಗೆ ಮಾಲೀಕರಾದ ಬದರಿನಾಥರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಎಲ್ಲರ ಮೇಲೂ ಅನುಮಾನ, ಅದನ್ನು ಬಾಡಿಗೆದಾರರಿಗೂ ಧಾರಾಳವಾಗಿ ಹಂಚುತ್ತಿದ್ದರು.

ಎರಡು ತಿಂಗಳ ಹಿಂದೆ ಊರಿನಿಂದ ಅಕ್ಕ ದಾನಮ್ಮ ಫೋನ್ ಮಾಡಿ, "ಒಂದ್ ನಂಬರ್ ಬರ್ತೈತಿ, ಹೇಳಪಾ" ಎಂದಿದ್ದಳು. ಡ್ಯೂಟಿಯ ಗಡಿಬಿಡಿಯಲ್ಲಿ ಹೇಳಿದ್ದ. ಹೊಲ ದುಂಡಪ್ಪನ ಹೆಸರಿನಲ್ಲಿತ್ತು. ಉಳುವವರು ಅಕ್ಕ ಮತ್ತು ಅವಳ ಗಂಡ ಗುರುಸಿದ್ದ. ಈಗ ಮೆಸೇಜು ಬಂದಿತ್ತು. ಮಳೆನೀರು ಹಿಡಿಯುವ ಕೃಷಿ ಹೊಂಡಕ್ಕೆ ಸರ್ಕಾರದ ಸಹಾಯಧನ, ಅರ್ಜಿದಾರ ದುಂಡಪ್ಪ, ತಪಾಸಣೆ ಮುಗಿದಿದೆ. ಮಾಲೀಕನೇ ಹೊಂಡದ ಪಕ್ಕ ನಿಂತ ಫೋಟೋ ಇರಬೇಕೆಂಬುದು ನಿಯಮ. ಫೋಟೋನೂ ಇತ್ತು. ಮಣ್ಣಿನ ದಿಬ್ಬದ ಹಿಂದೆ, ಸೊಂಟದಿಂದ ಮೇಲಷ್ಟೇ ಕಾಣುವ, ಮುಖಕ್ಕೆ ಟವೆಲ್ ಸುತ್ತಿಕೊಂಡ ಒಬ್ಬ ಆಸಾಮಿ. ಮೈಮೇಲೆ ದುಂಡಪ್ಪ ಊರಲ್ಲಿ ಬಿಟ್ಟುಬಂದಿದ್ದ ನೀಲಿ ಚೌಕಳಿ ಅಂಗಿ.

ಗುರುಸಿದ್ದ ಮಾವನೇ ಸರಿ. ದುಂಡಪ್ಪನಿಗೆ ಮೈಯೆಲ್ಲ ಉರಿಯಿತು. ನನ್ನ ಅಂಗಿ ತೊಟ್ಟು ನಾನೇ ಆಗಿ ನಿಂತಿದ್ದಾನಲ್ಲ, ಎಂಥ ಖದೀಮ. ಅಕ್ಕನೂ ಸೇರಿಕೊಂಡಳಲ್ಲ ಎನ್ನುವುದು ಇನ್ನೂ ನೋಯಿಸಿತು. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು, ಕೇಳಲಿಲ್ಲ. ಬದರಿನಾಥರು ಹೇಳಿಕೊಟ್ಟಂತೆ 'ಫೋಟೋದಲ್ಲಿರುವವನು ನಾನಲ್ಲ' ಎಂದು ಆ ಮೆಸೇಜಿನಲ್ಲಿದ್ದ ಲಿಂಕಿನಲ್ಲೇ ಆಕ್ಷೇಪಣೆ ಬರೆದು ಕಳಿಸಿದ.

ಒಂಬತ್ತನೇ ದಿನ ದಾನಮ್ಮನ ಫೋನ್ ಬಂತು. ದನಿ ಬಿದ್ದುಹೋಗಿತ್ತು.

"ರೊಕ್ಕ ತಡದಾರಂತೋ ತಮ್ಮಾ. ಫೋಟೋದಾಗ ನೀ ಇಲ್ಲಂತ ಯಾರೋ ತಕರಾರು ಹಾಕ್ಯಾರ."

"ಮತ್ತ ಯಾರ ನಿಂತಿದ್ರು?"

"ನಾನಽ. ಸೀರಿ ಮ್ಯಾಲ ನಿನ್ನ ಅಂಗಿ ಹಾಕ್ಕೊಂಡು, ಧೂಳಿಗೆ ಮುಖಕ್ಕ ಟವೆಲ್ ಸುತ್ತಿ ಮಣ್ಣ ಹೊರಾಕತ್ತಿದ್ದೆ. ಹೊಲದ ಕೆಲಸಕ್ಕ ಹೆಣ್ಮಕ್ಕಳು ಗಂಡಸರ ಅಂಗಿ ಹಾಕ್ಕೊಳ್ಳೂದು ಮರತೇನು? ನಿಮ್ಮ ಮಾವ ಸೊಂಟ ಹಿಡದು ಮಲಗ್ಯಾನ. ಯಾರರ ನಿಲ್ರಿ ಅಂದ್ರು ತಪಾಸಣಿಗೆ ಬಂದ ಸಾಹೇಬ್ರು, ನಿಂತೆ. ಜೆಸಿಬಿಯವಗ ಕೊಡಾಕ ಬಂಗಾರ ಒತ್ತಿ ಇಟ್ಟೀನಿ. ಹೊಂಡ ತುಂಬಿದ ಮ್ಯಾಲ ನಿನ್ನ ಕರಸಿ ತೋರಸೂಣಂತ ಹೇಳಿರಲಿಲ್ಲ."

ದುಂಡಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. ತಕರಾರು ಹಾಕಿದವನು ನಾನೇ ಅಕ್ಕಾ ಎಂದುಬಿಟ್ಟರೆ ಮುಗಿಯುತ್ತಿತ್ತು.

"ಮಗ್ಗಲ ಹೊಲದ ಚನ್ನವೀರನ ಮ್ಯಾಲ ನನಗ ಡೌಟು," ಎಂದಳು ದಾನಮ್ಮ. "ನಾಕು ದಿನ ತನ್ನ ಟ್ರ್ಯಾಕ್ಟರ್ ತಂದು ಪುಕ್ಕಟೆ ಮಣ್ಣ ಹೊಡದಾನ. ಸುಮ್‌ಸುಮ್ನ ಯಾರ ಮಾಡ್ತಾರ? ನಿನಗೇನ ಅನಸ್ತೈತಿ?"

"ಇರಬಹುದು," ಎಂದ ದುಂಡಪ್ಪ.

"ಹಂಗಂದ್ರ ಈಗಽ ಹೋಗಿ ಕೇಳ್ತೀನಿ."

ಫೋನ್ ಆರಿಸುವುದು ಅವಳಿಗೆ ಮರೆತುಹೋಗಿತ್ತು. ಚಪ್ಪಲಿಯ ಸದ್ದು ಅಂಗಳ ದಾಟಿ ಹೋಯಿತು. "ಚನ್ನವೀರಾ, ಹೊರಗ ಬಾ" ಎಂಬ ಅಕ್ಕನ ದನಿ ಕೇಳಿಸಿತು.

"ಬಾ ಯಕ್ಕಾ, ಚಾ ಕುಡೀ ಬಾ," ಎಂದಿತು ಒಳಗಿನಿಂದ ಇನ್ನೊಂದು ದನಿ.

ದುಂಡಪ್ಪ ಫೋನ್ ಕಟ್ ಮಾಡಿದ.